ಅಪ್‌ಡೇಟ್: ಒಂದೇ ಐಪಿ ಪಡೆಯುತ್ತಿದ್ದ ವರ್ಚುವಲ್ ಮಷೀನ್‌ಗಳ ಸಮಸ್ಯೆ ಬಗೆಹರಿಯಿತು

ಖಾಸಗಿ ಕ್ಲೌಡ್‌ನಲ್ಲಿ ಒಂದೇ ಟೆಂಪ್ಲೇಟ್‌ನಿಂದ (ಮಾದರಿ ಮಷೀನ್‌ನಿಂದ) ಕ್ಲೋನ್, ಅಂದರೆ ನಕಲು, ಮಾಡಿದ ಉಬುಂಟು ಮಷೀನ್‌ಗಳಿಗೆಲ್ಲ ಡಿಎಚ್‌ಸಿಪಿ (ನೆಟ್‌ವರ್ಕ್‌ನಲ್ಲಿ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಒಂದೇ ಐಪಿ ವಿಳಾಸ ಕೊಡುತ್ತಿದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಲೀಸ್ (ವಿಳಾಸ ಹಂಚಿದ ದಾಖಲೆ) ಅಳಿಸಿ ಸರ್ವರ್ ಮರುಚಾಲನೆ ಮಾಡುವ ಸಲಹೆ ಫಲಿಸಲಿಲ್ಲ. ಮ್ಯಾಕ್ ವಿಳಾಸಗಳೂ (ನೆಟ್‌ವರ್ಕ್ ಕಾರ್ಡ್‌ಗಳ ಗುರುತುಗಳು) ಬೇರೆ ಬೇರೆಯೇ ಇದ್ದವು. ಕೈಹಿಡಿದದ್ದು ‘ಮಷೀನ್-ಐಡಿ ನೋಡಿ’ ಎಂದವರ ಮಾತು; ಅದು ಮಷೀನ್‌ನ ವಿಶಿಷ್ಟ ಗುರುತನ್ನು ಇಟ್ಟುಕೊಳ್ಳುವ ಕಡತ. ಎರಡು ಮಷೀನ್‌ಗಳಲ್ಲಿ ಆ ಕಡತ ತೆರೆದು ನೋಡಿದರೆ 32 ಅಕ್ಷರಗಳೂ ತದ್ರೂಪು! ಉಬುಂಟು ಸರ್ವರ್ ತನ್ನ ಡಿಎಚ್‌ಸಿಪಿ ಗುರುತನ್ನು ಮ್ಯಾಕ್‌ನಿಂದಲ್ಲ, ಈ ಐಡಿಯಿಂದ ರೂಪಿಸಿಕೊಳ್ಳುತ್ತದೆ ಎಂಬುದು ನನಗೆ ನಿಜಕ್ಕೂ ಹೊಸ ವಿಷಯ.

ಟೆಂಪ್ಲೇಟ್‌ನಲ್ಲಿ ಆ ಕಡತವನ್ನು ಅಳಿಸದೆ, ಖಾಲಿ ಮಾಡಿಟ್ಟು ಮತ್ತೆ ಕ್ಲೋನ್ ಮಾಡಿದೆ. ಮೊದಲ ಬೂಟ್‌ನಲ್ಲೇ ಪ್ರತಿಯೊಂದಕ್ಕೂ ಹೊಸ ಐಡಿ, ಬೇರೆ ಐಪಿ. ಈಗಾಗಲೇ ಓಡುತ್ತಿರುವ ಮಷೀನ್‌ಗಳಾದರೆ ನೆಟ್‌ಪ್ಲಾನ್‌ನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್‌ಗಳಲ್ಲಿ) ಡಿಎಚ್‌ಸಿಪಿ-ಐಡೆಂಟಿಫೈಯರ್ ಅನ್ನು ಮ್ಯಾಕ್ ಎಂದು ಬರೆದರೂ ಸಾಕು. ಸುಳಿವು ಕೊಟ್ಟವರಿಗೆ ಮನಸಾರೆ ಧನ್ಯವಾದ.