ರೊಟ್ಟಿ-ಕಾಳು ತಿಂದು ಮೈ ಬರುತ್ತಾ? ಬೆಂಚ್ 45ಕ್ಕೇ ನಿಂತಿದೆ

ಗುಮ್ಮಟದ ಹುಡುಗ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ತೂಕ 58 ಕೆಜಿ, ಎತ್ತರ 5 ಅಡಿ 8 ಇಂಚು. ಜಿಮ್ ಸೇರಿ ಎಂಟು ತಿಂಗಳಾಯಿತು. ಮೊದಲ ಮೂರು ತಿಂಗಳು ಚೆನ್ನಾಗಿತ್ತು, ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಎದೆಯಿಂದ ರಾಡ್ ಎತ್ತುವುದು) ಬರೀ ರಾಡಿನಿಂದ 45 ಕೆಜಿಗೆ ಬಂತು. ಆಮೇಲೆ ಅಲ್ಲೇ ನಿಂತಿದೆ, ತೂಕವೂ ಅಷ್ಟೇ. ಅಂಗಿ ತೋಳು ಮೊದಲಿನ ಹಾಗೇ ಜೋಲಾಡುತ್ತದೆ.

ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಇವತ್ತಿನವರೆಗೂ ದಾಟಿಲ್ಲ. ಹೊರಗೆ ತಿಂದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನನಗೇ ಬೇಡ. ಜಿಮ್‌ನಲ್ಲಿ ಗೆಳೆಯರು "ಸೊಪ್ಪು ತಿಂದು ಮೈ ಬರಲ್ಲೋ" ಅಂತ ದಿನಾ ಕಿಚಾಯಿಸುತ್ತಾರೆ. ಅಲ್ಲಿನ ಟ್ರೇನರ್ ಮಾತು ಕೇಳಿ 2,600 ರೂಪಾಯಿ ಕೊಟ್ಟು ಮಾಸ್ ಗೇನರ್ (ತೂಕ ಏರಿಸುವ ಪುಡಿ) ಡಬ್ಬಿ ತಂದೆ. ಕುಡಿದ ನಾಲ್ಕನೇ ದಿನಕ್ಕೆ ಹೊಟ್ಟೆ ಡೊಳ್ಳಾಯಿತು, ಮುಂದಿನದು ಹೇಳುವುದು ಬೇಡ. ಡಬ್ಬಿ ಈಗ ಅಟ್ಟದ ಮೇಲಿದೆ.

ದಿನದ ಊಟ ಹೀಗಿದೆ. ಬೆಳಿಗ್ಗೆ ಸುಸಲಾ ಅಥವಾ ಉಪ್ಪಿಟ್ಟು, ಚಹಾ. ಮಧ್ಯಾಹ್ನ ಮೂರು ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಸ್ವಲ್ಪ ಅನ್ನ ಸಾರು, ಮೊಸರು. ಸಂಜೆ ಚಹಾ, ಒಮ್ಮೊಮ್ಮೆ ಮಿರ್ಚಿ ಭಜಿ (ಇದನ್ನು ಬಿಡು ಅನ್ನಬೇಡಿ). ರಾತ್ರಿ ಎರಡು ರೊಟ್ಟಿ, ಪಲ್ಯ. ಮಡಕಿ ಕಾಳೋ ಹೆಸರು ಕಾಳೋ ದಿನಾ ಇರುತ್ತದೆ, ಹಾಗಾಗಿ ಪ್ರೋಟೀನ್ ಸಾಕಷ್ಟು ಸಿಗುತ್ತಿದೆ ಅಂದುಕೊಂಡಿದ್ದೇನೆ. ಮತ್ತೆ ಎಲ್ಲಿ ತಪ್ಪುತ್ತಿದೆ? ಸಸ್ಯಾಹಾರದಲ್ಲೇ ಮೈ ಕಟ್ಟಿದವರು ಇದ್ದರೆ ಹೇಳಿ.

ನವನಗರದ ಅಕ್ಕ (ಬಾಗಲಕೋಟೆ):

ತಮ್ಮಾ, ನಾನೂ ಮೊಟ್ಟೆ ಮುಟ್ಟದವಳೇ. ಎರಡು ಮಕ್ಕಳ ತಾಯಿ, ಆರು ವರ್ಷದಿಂದ ಭಾರ ಎತ್ತುತ್ತಿದ್ದೇನೆ, ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನಿಲ್ಲುವುದು) 95 ಕೆಜಿ. ನಿನ್ನ ಊಟದಲ್ಲಿ ತಪ್ಪಿಲ್ಲ, ಅಳತೆಯಲ್ಲಿದೆ.

ಮೈ ಕಟ್ಟಬೇಕು ಅನ್ನುವವರಿಗೆ ತೂಕದ ಒಂದು ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ನಿನಗೆ ಅದು 93 ಗ್ರಾಂ ಆಗುತ್ತದೆ. ಈಗ ಎಷ್ಟು ಸಿಗುತ್ತಿದೆ ನೋಡು. ಜೋಳದ ಹಿಟ್ಟು 100 ಗ್ರಾಂಗೆ 10 ಗ್ರಾಂ ಪ್ರೋಟೀನ್ ಕೊಡುತ್ತದೆ, ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 5 ಗ್ರಾಂ, ಐದು ರೊಟ್ಟಿಗೆ 25. ಇದು ಕಡಿಮೆಯೇನಲ್ಲ, ರೊಟ್ಟಿಯನ್ನು ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ಉಪ್ಪಿಟ್ಟು, ಅನ್ನ, ಮೊಸರು, ಚಹಾದ ಹಾಲು, ಹಿಂಡಿ ಎಲ್ಲ ಸೇರಿ ಇನ್ನೊಂದು 20. ಉಳಿದದ್ದು ಕಾಳು. ನೀನು "ದಿನಾ ಕಾಳು ಇರುತ್ತದೆ" ಅಂದೆಯಲ್ಲ, ಎಷ್ಟು ಗ್ರಾಂ ಇರುತ್ತದೆ ಹೇಳು ನೋಡೋಣ. ಬೇಯಿಸಿದ ಮೇಲಿನ ತೂಕ ಬೇಡ, ಒಣ ಕಾಳಿನ ತೂಕ ಹೇಳು. ಅಡುಗೆಮನೆಯಲ್ಲಿ ಇಡುವ ಸಣ್ಣ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆ ಡಬ್ಬಿಗೆ ಕೊಟ್ಟ ದುಡ್ಡಿನ ಎದುರು ಅದರ ಬೆಲೆ ಏನೂ ಅಲ್ಲ.

ಅಂದಹಾಗೆ ಮಾಸ್ ಗೇನರ್ ಡಬ್ಬಿಯ ಹಿಂದೆ ಓದು. ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಸಕ್ಕರೆಯಾಗುವ ಪಿಷ್ಟದ ಪುಡಿ. ಅದಕ್ಕಿಂತ ಎರಡು ಶೇಂಗಾ ಹೋಳಿಗೆ ತಿಂದರೆ ರುಚಿಯಾದರೂ ಇರುತ್ತದೆ.

ಕ್ಯಾಂಪ್ ಏರಿಯಾ (ಬೆಳಗಾವಿ):

ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳಬಹುದು ಅಷ್ಟೇ. ನಾನು 22 ವರ್ಷದವರೆಗೆ ಪಕ್ಕಾ ಶಾಕಾಹಾರಿ. ದಿನಕ್ಕೆ ನಾಲ್ಕು ಮೊಟ್ಟೆ ಶುರು ಮಾಡಿದೆ, ಮೂರೇ ತಿಂಗಳಲ್ಲಿ ಭುಜ ಅಗಲವಾಯಿತು. ಕಾಳಿನ ಪ್ರೋಟೀನ್ ಅರ್ಧಂಬರ್ಧ, ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ತುಣುಕುಗಳು) ಪೂರ್ತಿ ಇರಲ್ಲ. ಸುಮ್ನೆ ಹುಡುಗನ ವರ್ಷ ಹಾಳು ಮಾಡಬೇಡಿ.

ನವನಗರದ ಅಕ್ಕ (ಬಾಗಲಕೋಟೆ):

ನಾಲ್ಕು ಮೊಟ್ಟೆ ಅಂದರೆ ಸುಮಾರು 25 ಗ್ರಾಂ ಪ್ರೋಟೀನ್. ಮೊದಲು ಇಲ್ಲದ 25 ಗ್ರಾಂ ಸೇರಿತು, ಭುಜ ಬಂತು. ಅದೇ 25 ಗ್ರಾಂ 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿದೆ. ಅದನ್ನು ತಿಂದಿದ್ದರೂ ಬರುತ್ತಿತ್ತು.

ಅರ್ಧಂಬರ್ಧ ಅನ್ನುವುದು ಒಂದೊಂದೇ ಧಾನ್ಯ ತಿನ್ನುವವರ ಮಾತಾಯಿತು. ಜೋಳದಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಮೆಥಿಯೋನಿನ್ ಅನ್ನುವುದು ಕಡಿಮೆ, ಜೋಳ-ಗೋಧಿಯಲ್ಲಿ ಅದಿದೆ. ರೊಟ್ಟಿಗೆ ಕಾಳು ಪಲ್ಯ ಹಚ್ಚಿ ತಿಂದ ನಮ್ಮ ಹಿರಿಯರು ಈ ಹೆಸರೆಲ್ಲ ಕೇಳಿರಲಿಲ್ಲ, ಆದರೆ ತಟ್ಟೆ ಸರಿ ಇತ್ತು. ಎರಡನ್ನೂ ಒಂದೇ ಊಟದಲ್ಲಿ ತಿನ್ನಬೇಕು ಅಂತಲೂ ಇಲ್ಲ, ದಿನದಲ್ಲಿ ಸೇರಿದರೆ ಸಾಕು. ಮೇಲೆ ಹಾಲು ಮೊಸರು ಬೇರೆ ಇದೆ, ಅದರ ಪ್ರೋಟೀನ್‌ನಲ್ಲಿ ಬೇಕಾದ ಅಮೈನೋ ಆಮ್ಲ ಎಲ್ಲ ಇವೆ.

ನಿಮ್ಮ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ. ಕಾಳಿನದು ಮೊಟ್ಟೆ, ಹಾಲಿನಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ, ಲ್ಯೂಸಿನ್ ಅನ್ನುವ ಅಮೈನೋ ಆಮ್ಲ ಕೂಡ ಕಡಿಮೆ. ಅದಕ್ಕೇ ನಮ್ಮಂಥವರು ಲೆಕ್ಕಕ್ಕಿಂತ ಒಂದು ಹಿಡಿ ಮೇಲೆಯೇ ಇಟ್ಟುಕೊಳ್ಳಬೇಕು.

ತಾಲೀಮ್ ಕಾಕಾ (ಗೋಕಾಕ ಕಡೆ):

ಊಟದ ಮಾತು ಅಕ್ಕ ಹೇಳಿದರು. ತಮ್ಮಾ, ನೀನು ಎತ್ತುವುದು ಹೇಗೆ ಅಂತ ಯಾರೂ ಕೇಳಲಿಲ್ಲವಲ್ಲ. ಐದು ತಿಂಗಳಿಂದ ಅದೇ 45 ಎತ್ತುತ್ತಿದ್ದೀಯಾ? ಅದೇ ಸೆಟ್, ಅದೇ ಹತ್ತು ಸಲ? ವಾರಕ್ಕೆ ಎಷ್ಟು ದಿನ?

ಗುಮ್ಮಟದ ಹುಡುಗ:

ಹೌದು ಕಾಕಾ. ವಾರಕ್ಕೆ ಆರು ದಿನ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಶುಕ್ರವಾರ ತೋಳು, ಶನಿವಾರ ಮತ್ತೆ ಎದೆ. 45ರಲ್ಲಿ ಹತ್ತರಂತೆ ನಾಲ್ಕು ಸೆಟ್. ಕಾಲು... ಆಗಾಗ.

ತಾಲೀಮ್ ಕಾಕಾ:

"ಆಗಾಗ" ಅಂದದ್ದು ಓದಿ ನಗು ಬಂತು. ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾಂಸ ಇರುವುದೇ ತೊಡೆಯಲ್ಲಿ, ಅದನ್ನು ಬಿಟ್ಟು ಎರಡು ದಿನ ತೋಳಿಗೆ ಕೊಟ್ಟರೆ ಹೇಗಪ್ಪಾ.

ನಾನು ಹುಡುಗನಾಗಿದ್ದಾಗ ನಮ್ಮ ತಾಲೀಮಿನ (ಗರಡಿಮನೆಯ) ಮೂಲೆಯಲ್ಲಿ ನಾಲ್ಕು ಗುಂಡುಕಲ್ಲು ಇದ್ದವು, ಒಂದಕ್ಕಿಂತ ಒಂದು ದೊಡ್ಡದು. ಸಣ್ಣದನ್ನು ಮೊಣಕಾಲಿನವರೆಗೆ ತಂದು, ತೊಡೆ ಮೇಲೆ ಕೂರಿಸಿಕೊಂಡು, ಅಪ್ಪಿಕೊಂಡು ಎದೆಗೆ ಏರಿಸಿ, ಹೆಗಲ ಹಿಂದೆ ಬಿಡಬೇಕು. ಅದು ಬಂತು ಅಂದರೆ ಉಸ್ತಾದರು ಮರುದಿನ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮುಂದಿನ ಕಲ್ಲಿಗೆ ಹೋಗು ಅನ್ನುತ್ತಿದ್ದರು. ಹದಿನೈದು ದಿನ ಅದು ನೆಲ ಬಿಡುತ್ತಿರಲಿಲ್ಲ, ಮುಂಗೈ ತೊಗಲು ಕಿತ್ತು ಬರುತ್ತಿತ್ತು. ಒಂದು ದಿನ ಬಿಡುತ್ತಿತ್ತು. ನಿಮ್ಮ ಜಿಮ್‌ನಲ್ಲಿ ಇನ್ನೂ ಸುಲಭ, ಎರಡೂವರೆ ಕೆಜಿಯ ಬಿಲ್ಲೆ ಸಿಗುತ್ತದೆ, ಒಂದೂಕಾಲಿನದೂ ಸಿಗುತ್ತದೆ. ಕಲ್ಲಿಗೆ ಬಿಲ್ಲೆ ಸೇರಿಸಲು ಆಗುತ್ತಿರಲಿಲ್ಲ.

ವಾರಕ್ಕೆ ಮೂರು ದಿನ ಸಾಕು. ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಬೆಂಚ್, ಡೆಡ್‌ಲಿಫ್ಟ್, ತಲೆ ಮೇಲೆ ಎತ್ತುವುದು, ಬಗ್ಗಿ ಎಳೆಯುವುದು, ಇವನ್ನು ಹಂಚಿಕೋ. ಐದರಿಂದ ಎಂಟು ಸಲ ಎತ್ತುವಷ್ಟು ಭಾರ ಹಾಕು. ನೋಟ್‌ಬುಕ್‌ನಲ್ಲಿ ಬರೆ. ಹೇಳಿದಷ್ಟು ಸಲ ಎಲ್ಲ ಸೆಟ್‌ನಲ್ಲೂ ಬಂದರೆ ಮುಂದಿನ ಸಲ ಎರಡೂವರೆ ಕೆಜಿ ಸೇರಿಸು. ಮೂರು ಸಲ ಸಿಕ್ಕಿಬಿದ್ದರೆ ಶೇಕಡಾ ಹತ್ತರಷ್ಟು ಇಳಿಸಿ ಮತ್ತೆ ಏರು. ಉಳಿದ ದಿನ ಮಲಗು, ನಿದ್ದೆ ಏಳೆಂಟು ತಾಸು ಬೇಕೇ ಬೇಕು.

ಖುರಾಕಿನ (ಪೈಲ್ವಾನರ ಊಟದ) ಬಗ್ಗೆ ನನ್ನದೂ ಒಂದು ಮಾತು. ಆನಂದವಾಡಿ ಆಖಾಡದ ಕುಸ್ತಿ ನೋಡಲು ಬೆಳಗಾವಿಗೆ ಹೋದಾಗೆಲ್ಲ ಜನ ಬಾದಾಮಿ ಮತ್ತು ತುಪ್ಪದ ಕಥೆಯನ್ನೇ ಹೇಳುತ್ತಿದ್ದರು. ಇಪ್ಪತ್ತು ಬಾದಾಮಿಯಲ್ಲಿ ಇರುವುದು 5 ಗ್ರಾಂ ಪ್ರೋಟೀನ್, ತುಪ್ಪದಲ್ಲಿ ಏನೂ ಇಲ್ಲ. ನಾವು ದಿನಕ್ಕೆ ಎರಡು ಲೀಟರ್ ಎಮ್ಮೆ ಹಾಲು ಕುಡಿಯುತ್ತಿದ್ದೆವು, ಅದರಲ್ಲೇ 70 ಗ್ರಾಂ ಮೇಲೆ ಬರುತ್ತಿತ್ತು. ಹೆಸರು ಬಾದಾಮಿಯದ್ದು, ಕೆಲಸ ಎಮ್ಮೆಯದ್ದು. ಪೈಲ್ವಾನರೆಲ್ಲ ಶಾಕಾಹಾರಿಗಳು ಅಂತ ಸುಳ್ಳು ಹೇಳುವುದಿಲ್ಲ, ಮಟನ್ ಸೂಪು ಕುಡಿಯುವವರು ನಮ್ಮಲ್ಲೂ ಬೇಕಾದಷ್ಟು ಇದ್ದರು. ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 65 ಕೆಜಿಯಲ್ಲಿ ಕಂಚು ತಂದ ಬಜರಂಗ್ ಪೂನಿಯಾ ಶಾಕಾಹಾರಿ, ಅದನ್ನು ನಿನ್ನ ಗೆಳೆಯರಿಗೆ ಹೇಳು.

ಲ್ಯಾಬ್ ಕೆಲಸದವಳು (ಬೆಳಗಾವಿ):

ಎರಡೇ ವಿಷಯ. ಒಂದು, ಬಿ12 ವಿಟಮಿನ್. ಮಾಂಸ, ಮೊಟ್ಟೆ, ಹಾಲು ಬಿಟ್ಟರೆ ನಮ್ಮ ಊಟದಲ್ಲಿ ಬೇರೆಲ್ಲೂ ಅದು ಸಿಗುವುದಿಲ್ಲ ಅಂತಲೇ ಹೇಳಬಹುದು. ಬರೀ ಚಹಾದಲ್ಲಿ ಹಾಲು ನೋಡುವ ಮನೆಯವರ ರಿಪೋರ್ಟ್ ನಾನು ದಿನಾ ನೋಡುತ್ತೇನೆ, ಮಿಲಿಲೀಟರಿಗೆ 200 ಪಿಕೋಗ್ರಾಂ ಕೆಳಗೇ ಇರುತ್ತದೆ, ಅಂದರೆ ಕಡಿಮೆ. ಸುಸ್ತು, ಪಾದ ಜುಮ್ಮೆನ್ನುವುದು ಇದ್ದರೆ ತಡ ಮಾಡಬೇಡ. ಒಮ್ಮೆ ರಕ್ತ ಕೊಟ್ಟು ನೋಡು, ಕಡಿಮೆ ಇದ್ದರೆ ಡಾಕ್ಟರು ಗುಳಿಗೆಯೋ ಇಂಜೆಕ್ಷನ್ನೋ ಬರೆಯುತ್ತಾರೆ. ಮೊಳಕೆ ಕಾಳಿನಿಂದ ಬಿ12 ಬರುತ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಬಂದರೆ ನಂಬಬೇಡ.

ಇನ್ನೊಂದು ಕ್ರಿಯಾಟಿನ್, ಭಾರ ಎತ್ತುವಾಗ ಸ್ನಾಯುವಿಗೆ ಶಕ್ತಿ ಕೊಡುವ ವಸ್ತು. ಊಟದಲ್ಲಿ ಅದು ಮಾಂಸ, ಮೀನಿನಿಂದ ಬರುವಂಥದ್ದು, ಹಾಗಾಗಿ ಶಾಕಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಕಡಿಮೆ ಇರುತ್ತದೆ. ಮಾರಾಟಕ್ಕಿರುವ ಪುಡಿ ಕಾರ್ಖಾನೆಯಲ್ಲಿ ಮಾಡಿದ್ದು, ಪ್ರಾಣಿಯದಲ್ಲ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ರಕ್ತ ಪರೀಕ್ಷೆ ಮಾಡಿಸುವಾಗ ಇದನ್ನು ತಿನ್ನುತ್ತಿದ್ದೇನೆ ಅಂತ ಹೇಳು, ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು, ಸುಮ್ನೆ ಗಾಬರಿ ಆಗುತ್ತದೆ.

ಗುಮ್ಮಟದ ಹುಡುಗ:

ಅಕ್ಕಾ, ತಕ್ಕಡಿ ಬಂತು. ನಿನ್ನೆ ರಾತ್ರಿ ಅವ್ವ ಮಡಕಿ ಕಾಳು ನೆನೆಸಲು ತೆಗೆದಾಗ ಬಟ್ಟಲನ್ನು ಕೈಯಿಂದ ಇಸಿದುಕೊಂಡು ತೂಗಿದೆ. 140 ಗ್ರಾಂ. ನಾವು ಐದು ಜನ. ಅಂದರೆ ನನ್ನ ಪಾಲಿಗೆ 28 ಗ್ರಾಂ, ಅದರಲ್ಲಿ ಪ್ರೋಟೀನ್ 6 ಗ್ರಾಂ. ಅದೂ ಎರಡು ಊಟಕ್ಕೆ! ಬೆಳಿಗ್ಗೆ ನೋಡಿದರೆ ಉಬ್ಬಿ ಪಾತ್ರೆ ತುಂಬ ಆಗಿತ್ತು, ಅದಕ್ಕೇ ಇಷ್ಟು ದಿನ ಮೋಸ ಹೋದೆ. ಮಧ್ಯಾಹ್ನ ತಟ್ಟೆಯಲ್ಲಿ ಪಲ್ಯ ಕೆದರಿ ನೋಡಿದೆ, ಅರ್ಧ ಈರುಳ್ಳಿ, ಉಳಿದದ್ದರಲ್ಲಿ ಅರ್ಧ ರಸ. ಅವ್ವ ನಿಂತು ನೋಡುತ್ತಿದ್ದಳು. "ಕಾಳು ತೂಗಿ ತಿನ್ನುವಷ್ಟು ಬಡತನ ಬಂತೇನೋ ನಮಗೆ" ಅಂದಳು. ಒಟ್ಟು ಲೆಕ್ಕ ಹಾಕಿದರೆ ದಿನಕ್ಕೆ 51 ಗ್ರಾಂ ಅಷ್ಟೇ.

ಈಗ ಹೇಗೆ ಏರಿಸಲಿ? ಸೋಯಾ ವಾಸನೆ ನನಗಾಗುವುದಿಲ್ಲ. ಗಂಡಸರು ತಿನ್ನಬಾರದು ಅಂತಲೂ ಹೇಳುತ್ತಾರೆ, ನಿಜವಾ?

ನವನಗರದ ಅಕ್ಕ:

ಅದು ಹಳೇ ಪುಕಾರು. ದಿನಕ್ಕೆ 40-50 ಗ್ರಾಂ ಸೋಯಾ ತಿಂದು ಗಂಡಸುತನ ಎಲ್ಲೂ ಹೋಗುವುದಿಲ್ಲ, ಗಂಡಸರ ಹಾರ್ಮೋನ್ ಅಳೆದು ನೋಡಿದ ಅಧ್ಯಯನಗಳಲ್ಲಿ ಇಳಿಕೆ ಕಂಡಿಲ್ಲ. ವಾಸನೆಗೆ ಹೀಗೆ ಮಾಡು. ಉಪ್ಪು ಹಾಕಿದ ಕುದಿಯುವ ನೀರಲ್ಲಿ ಹತ್ತು ನಿಮಿಷ ಬಿಡು, ಹಿಂಡು, ತಣ್ಣೀರಲ್ಲಿ ತೊಳೆದು ಇನ್ನೊಮ್ಮೆ ಗಟ್ಟಿಯಾಗಿ ಹಿಂಡು. ಬರುವ ನೊರೆ ನೀರಲ್ಲೇ ವಾಸನೆ ಇರುವುದು. ಆಮೇಲೆ ಎಣ್ಣೆಗಾಯಿ ಮಸಾಲೆಯಲ್ಲಿ, ಅದೇ ಗುರೆಳ್ಳು, ಶೇಂಗಾ, ಹುಣಸೆಹಣ್ಣು, ಬೆಲ್ಲ, ಹಾಕಿ ಬೇಯಿಸು. ನಮ್ಮ ಮನೆಯವರು ಬದನೆಕಾಯಿ ಎಲ್ಲಿ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ.

ದಿನಕ್ಕೆ ರೊಟ್ಟಿ ಐದು ಹಾಗೇ ಇರಲಿ, 25. ಕಾಳು ಅಥವಾ ಬೇಳೆ ನಿನಗೆ ಅಂತ ಎರಡು ಹೊತ್ತೂ 60 ಗ್ರಾಂ ಒಣದ್ದು, ಅಲ್ಲಿಗೆ ಸುಮಾರು 25. ಹಾಲು ಅರ್ಧ ಲೀಟರ್, 16. ಸೋಯಾ 40 ಗ್ರಾಂ, 20. ಮೊಸರು 200 ಗ್ರಾಂ, 6. ಕೂಡಿಸಿ ನೋಡು, 92 ಆಯಿತು, ಅನ್ನ ಉಪ್ಪಿಟ್ಟಿನದು ಮೇಲೆ. ಸೋಯಾ ಬೇಡವಾದ ದಿನ ನೂರು ಗ್ರಾಂ ಪನೀರ್ ತಿಂದರೆ 18 ಬರುತ್ತದೆ. ಕಾಳು ಬೇಜಾರಾದ ದಿನ ಝುಣಕ ಮಾಡಿಸಿಕೋ, 50 ಗ್ರಾಂ ಕಡ್ಲಿ ಹಿಟ್ಟಿನಲ್ಲಿ 11 ಗ್ರಾಂ ಇದೆ. ಮಿರ್ಚಿ ಭಜಿ ಹಿಟ್ಟೂ ಅದೇ ಅಲ್ವಾ ಅಂತ ಕೇಳಬೇಡ, ಅದರಲ್ಲಿ ಎಣ್ಣೆಯೇ ಜಾಸ್ತಿ. ಶೇಂಗಾ ಒಂದು ಹಿಡಿ ಸಂಜೆಗೆ ತಿನ್ನು, ಅದರಲ್ಲಿ ಪ್ರೋಟೀನ್‌ಗಿಂತ ಕೊಬ್ಬು ಎರಡು ಪಟ್ಟು, ದಪ್ಪಗಿರುವವರಿಗೆ ಯೋಚನೆ, ನಿನ್ನಂಥ ಕಡ್ಡಿಗೆ ಒಳ್ಳೆಯದೇ. ತೂಕ ಏರಬೇಕಾದರೆ ಪ್ರೋಟೀನ್ ಒಂದೇ ಸಾಲದು, ಒಟ್ಟು ಊಟವೂ ಈಗಿನದಕ್ಕಿಂತ ಜಾಸ್ತಿ ಇರಬೇಕು. ವ್ಹೇ ಪೌಡರ್ ಬೇಕೇ ಅಂದರೆ, ಅದು ಹಾಲಿನದೇ, ತಿಂದರೆ ತಪ್ಪಿಲ್ಲ. ಮೊದಲು ತಟ್ಟೆ ಸರಿ ಮಾಡು.

ಗುಮ್ಮಟದ ಹುಡುಗ:

ಏಳು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ತೂಕ 60.2. ಬೆಂಚ್ 52.5 ಕೆಜಿ ಐದು ಸಲ. ಸ್ಕ್ವಾಟ್ 40ರಿಂದ 65ಕ್ಕೆ ಬಂತು. ಕಾಕಾ, ಮೊದಲ ವಾರ ಮನೆ ಮೆಟ್ಟಿಲು ಇಳಿಯುವಾಗ ನಿಮ್ಮನ್ನು ನೆನೆಸಿಕೊಂಡೆ, ಒಳ್ಳೆಯ ರೀತಿಯಲ್ಲಿ ಅಲ್ಲ. ಬಿ12 170 ಇತ್ತು, ಗುಳಿಗೆ ನಡೆದಿದೆ.

ಒಂದೇ ತೊಂದರೆ. ಹೊಟ್ಟೆಯಲ್ಲಿ ಗಾಳಿ. ಹೇಳಲು ನಾಚಿಕೆ, ಆದರೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ತಮ್ಮ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋಗಿದ್ದಾನೆ.

ನವನಗರದ ಅಕ್ಕ:

28 ಗ್ರಾಂನಿಂದ ಒಂದೇ ದಿನ 120ಕ್ಕೆ ಹಾರಿದೆಯಾ? ಹಾಗೆ ಮಾಡಿದರೆ ಇನ್ನೇನಾಗುತ್ತದೆ. ಒಂದು ವಾರ 60ಕ್ಕೆ ಇಳಿಸು, ಆಮೇಲೆ ವಾರಕ್ಕೆ ಇಪ್ಪತ್ತರಂತೆ ಏರಿಸು, ಹೊಟ್ಟೆ ರೂಢಿಯಾಗುತ್ತದೆ. ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಲು ಅವ್ವನಿಗೆ ಹೇಳು. ಕುಕ್ಕರ್ ಎರಡು ಸೀಟಿ ಜಾಸ್ತಿ ಕೂಗಲಿ. ಒಗ್ಗರಣೆಗೆ ಇಂಗು, ಅಜಿವಾನ ಬೀಳಲಿ. ರಾತ್ರಿ ಹೊತ್ತು ಇಡೀ ಕಾಳು ಬಿಟ್ಟು ಹೆಸರು ಬೇಳೆ ತಿನ್ನು, ಅದು ಹಗುರ. ಹದಿನೈದು ದಿನ ಬಿಟ್ಟು ತಮ್ಮನನ್ನು ಒಳಗೆ ಕರೆದು ನೋಡು.