ಇಲಿನಾಯ್‌ನಲ್ಲಿ ಇಷ್ಟು ತೆರಿಗೆ, ಇಷ್ಟು ಭ್ರಷ್ಟಾಚಾರ. ಜನ ಯಾಕೆ ಸಹಿಸಿಕೊಂಡಿದ್ದಾರೆ?

ಹೊಸಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿಕಾಗೋ ಹತ್ತಿರದ ಒಂದು ಸಬರ್ಬ್‌ನಲ್ಲಿ ನಾವು ಮನೆ ತೆಗೆದುಕೊಂಡು ಒಂದೂವರೆ ವರ್ಷ ಆಯಿತು. ಅದಕ್ಕೂ ಮೊದಲು ಆರು ವರ್ಷ ಇಲ್ಲೇ ಬಾಡಿಗೆಗಿದ್ದೆವು, ಆಗ ಪ್ರಾಪರ್ಟಿ ಟ್ಯಾಕ್ಸ್ ವಿಷಯ ತಲೆಗೇ ಬಂದಿರಲಿಲ್ಲ. ಹೋದ ವಾರ ಸಾಲ ಕೊಟ್ಟ ಬ್ಯಾಂಕಿನಿಂದ ಪತ್ರ ಬಂತು. ಎಸ್ಕ್ರೋ ಖಾತೆಯಲ್ಲಿ (ಮನೆ ತೆರಿಗೆ ಕಟ್ಟಲು ಕಂತಿನ ಜೊತೆ ಬ್ಯಾಂಕು ದುಡ್ಡು ಕೂಡಿಡುವ ಖಾತೆ) ದುಡ್ಡು ಸಾಲುತ್ತಿಲ್ಲ, ಮುಂದಿನ ತಿಂಗಳಿಂದ ಕಂತು 240 ಡಾಲರ್ ಜಾಸ್ತಿ ಅಂತ. ಕಾರಣ ಮನೆ ತೆರಿಗೆ. ನಮ್ಮದು 4 ಲಕ್ಷ ಡಾಲರ್ ಮನೆ, ವರ್ಷಕ್ಕೆ 9,200 ಡಾಲರ್ ತೆರಿಗೆ! ಮನೆ ಸಾಲ ತೀರಿದ ಮೇಲೂ ಇದನ್ನು ಕಟ್ಟುತ್ತಲೇ ಇರಬೇಕು, ಅಲ್ವಾ?

ಇದರ ಮೇಲೆ ಸಂಬಳದಲ್ಲಿ 4.95% ರಾಜ್ಯಕ್ಕೆ ಹೋಗುತ್ತದೆ. ಶಿಕಾಗೋ ಊರೊಳಗೆ ಬಟ್ಟೆ ಕೊಂಡರೂ ಪಾತ್ರೆ ಕೊಂಡರೂ 10%ಕ್ಕಿಂತ ಜಾಸ್ತಿ ಸೇಲ್ಸ್ ಟ್ಯಾಕ್ಸ್. ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇದೇ ರಾಜ್ಯದಲ್ಲಿ ಒಟ್ಟು 36 ವರ್ಷ ಸ್ಪೀಕರ್ ಆಗಿದ್ದ ಮೈಕಲ್ ಮ್ಯಾಡಿಗನ್‌ಗೆ 2025ರಲ್ಲಿ ಲಂಚದ ಕೇಸಿನಲ್ಲಿ ಏಳೂವರೆ ವರ್ಷ ಜೈಲು ಶಿಕ್ಷೆ ಆಯಿತು. ಶಿಕಾಗೋ ನಗರಸಭೆಯಲ್ಲಿ 54 ವರ್ಷ ಕೂತಿದ್ದ ಎಡ್ ಬರ್ಕ್‌ಗೂ ಅದರ ಹಿಂದಿನ ವರ್ಷ ಶಿಕ್ಷೆ ಆಗಿತ್ತು. 1960ರಿಂದ ಈಚೆಗೆ ಗವರ್ನರ್ ಆದವರಲ್ಲೇ ನಾಲ್ಕು ಜನ ಜೈಲಿಗೆ ಹೋಗಿದ್ದಾರೆ.

ಇಲ್ಲೇ ಹುಟ್ಟಿ ಬೆಳೆದ ಒಬ್ಬ ಸಹೋದ್ಯೋಗಿಯನ್ನು ಕೇಳಿದೆ. "ಇಲ್ಲಿ ಮೊದಲಿಂದಲೂ ಹೀಗೇ" ಅಂದು ಮಾತು ಬದಲಿಸಿದರು. ನಾನು ಬೈಯುವುದಕ್ಕೆ ಕೇಳುತ್ತಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಸುಮ್ಮನಿದ್ದಾರೆ ಅಂತ ನಿಜವಾಗಿ ಅರ್ಥ ಮಾಡಿಕೊಳ್ಳಬೇಕು.

ಕೆರೆದಂಡೆ:

ನಾನು ಇಲ್ಲಿಗೆ ಬಂದು 22 ವರ್ಷ. ಮೊದಲು ಆ ಬಿಲ್ಲನ್ನು ಕೈಯಲ್ಲಿ ಹಿಡಿದು ಓದಿ. ಕೆಳಗಿನ ಮೊತ್ತ ಬಿಡಿ, ಒಂದೊಂದೇ ಸಾಲು ನೋಡಿ. ನನ್ನ ಬಿಲ್ಲಿನಲ್ಲಿ 14 ಸಾಲು ಇದೆ. ಎಂಟನೇ ತರಗತಿವರೆಗಿನ ಶಾಲೆಗೆ ಒಂದು ಡಿಸ್ಟ್ರಿಕ್ಟ್ (ಅಂದರೆ ಜಿಲ್ಲೆಯಲ್ಲ, ತೆರಿಗೆ ಎತ್ತುವ ಪ್ರತ್ಯೇಕ ಸಂಸ್ಥೆ), ಹೈಸ್ಕೂಲಿಗೆ ಇನ್ನೊಂದು, ಕಮ್ಯುನಿಟಿ ಕಾಲೇಜಿಗೆ ಮತ್ತೊಂದು. ಆಮೇಲೆ ಪಾರ್ಕ್, ಲೈಬ್ರರಿ, ಅಗ್ನಿಶಾಮಕ ದಳ, ಟೌನ್‌ಶಿಪ್, ಕೌಂಟಿ, ಕಾಡು ನೋಡಿಕೊಳ್ಳುವವರು. ಕೊನೆಗೆ ಸೊಳ್ಳೆ ಕಾಟ ತಡೆಯುವುದಕ್ಕೂ ಒಂದು ಡಿಸ್ಟ್ರಿಕ್ಟ್, ಅದಕ್ಕೆ ನಾನು ವರ್ಷಕ್ಕೆ ಹತ್ತು ಡಾಲರ್ ಚಿಲ್ಲರೆ ಕಟ್ಟುತ್ತೇನೆ. ಈ ಥರದ ಸ್ಥಳೀಯ ಸರ್ಕಾರಗಳು ಇಲಿನಾಯ್‌ನಲ್ಲಿ ಸುಮಾರು 7,000 ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ.

ನಿಮ್ಮ 9,200 ಡಾಲರನ್ನು ಯಾರೋ ಒಬ್ಬರು ಕೂತು ನಿಗದಿ ಮಾಡಿದ್ದಲ್ಲ. ಒಬ್ಬೊಬ್ಬರೂ ತಮಗೆ ಬೇಕಾದಷ್ಟು ಕೇಳುತ್ತಾರೆ, ಎಲ್ಲ ಸೇರಿ ಅಷ್ಟಾಗುತ್ತದೆ. ಸಿಟ್ಟು ಬಂದರೆ ಯಾರ ಮುಂದೆ ಹೋಗಿ ಕೇಳುವುದು? ಶಾಲಾ ಬೋರ್ಡು, ಲೈಬ್ರರಿ ಬೋರ್ಡು, ಪಾರ್ಕ್ ಬೋರ್ಡು ಇವಕ್ಕೆಲ್ಲ ಚುನಾವಣೆ ನಡೆಯುವುದು ಬೆಸ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ. ಅಧ್ಯಕ್ಷರ ಚುನಾವಣೆಗೆ ಸಾಲು ನಿಲ್ಲುವ ನಮ್ಮ ಬೀದಿಯವರೇ ಅವತ್ತು ಮತಗಟ್ಟೆ ಕಡೆ ಸುಳಿಯುವುದಿಲ್ಲ. ನಾನು ಹೋದಾಗ ಒಳಗೆ ಸಿಬ್ಬಂದಿ ಬಿಟ್ಟರೆ ಮೂರು ಜನ ಇದ್ದೆವು.

ಇನ್ನೊಂದು, ದುಡ್ಡು ನಮ್ಮ ಕೈಯಿಂದ ಹೋಗುವುದೇ ಇಲ್ಲ. ತಿಂಗಳ ಕಂತಿನಲ್ಲಿ ಸೇರಿಕೊಂಡು ಬ್ಯಾಂಕೇ ಕಟ್ಟಿಬಿಡುತ್ತದೆ. ನೀವೇ ಹೇಳಿದ ಹಾಗೆ ಪತ್ರ ಬರುವವರೆಗೂ ಗೊತ್ತೇ ಆಗಲಿಲ್ಲ. ವರ್ಷಕ್ಕೆ ಎರಡು ಸಲ ಎಲ್ಲರೂ ತಾವೇ ಚೆಕ್ ಬರೆಯಬೇಕಾಗಿದ್ದರೆ ಈ ರಾಜ್ಯದ ರಾಜಕೀಯವೇ ಬೇರೆ ಇರುತ್ತಿತ್ತು ಅಂತ ನಾನು ನಂಬಿದ್ದೇನೆ.

ಇನ್ನು ಒಂದು ಒಳ್ಳೆಯ ಕಾರಣವನ್ನೂ ಹೇಳಬೇಕು. ಬಿಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಶಾಲೆಗೆ, ಆ ಶಾಲೆ ನಮ್ಮ ಕಣ್ಣ ಮುಂದೆ ಇದೆ. ನನ್ನ ಮಗಳಿಗೆ ಓದುವುದು ಕಷ್ಟವಾಗುತ್ತಿತ್ತು. ಎರಡು ವರ್ಷ ಒಬ್ಬ ಟೀಚರ್ ವಾರಕ್ಕೆ ಮೂರು ದಿನ ಬೇರೆ ಕೂರಿಸಿಕೊಂಡು ಕಲಿಸಿದರು, ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮ್ಯಾಡಿಗನ್ ಸುದ್ದಿ ನನಗೆ ಟೀವಿಯಲ್ಲಿ ಬಂತು, ಆ ಟೀಚರ್ ನಮ್ಮ ಮನೆಯ ಊಟದ ಮೇಜಿಗೇ ಬಂದ ಹಾಗಿತ್ತು. ಮತ್ತೆ ಇಲ್ಲಿ ಯಾವ ಕೌಂಟರಿನಲ್ಲೂ ಯಾರೂ ನನ್ನ ಮುಂದೆ ಕೈ ಒಡ್ಡಿಲ್ಲ. ಹಾಗಾಗಿ ಭ್ರಷ್ಟಾಚಾರ ಅಂದರೆ ಅದು ದೂರದ ಮಾತು ಅನ್ನಿಸಿಬಿಡುತ್ತದೆ.

ಗಟ್ಟಿದನಿ:

ಕೆರೆದಂಡೆ ಅವರೇ, ನಿಮ್ಮ ಮಾತು ಬಹುಪಾಲು ಒಪ್ಪುತ್ತೇನೆ, ಕೊನೆಯದನ್ನು ಮಾತ್ರ ಒಪ್ಪಲಾರೆ. ದೂರದ ಮಾತಲ್ಲ ಅದು. 1994ರಲ್ಲಿ ವಿಸ್ಕಾನ್ಸಿನ್ ಹೆದ್ದಾರಿಯಲ್ಲಿ ಲಾರಿಯೊಂದರಿಂದ ಕಬ್ಬಿಣದ ಭಾಗ ಕಳಚಿ ಬಿತ್ತು. ಹಿಂದೆ ಬರುತ್ತಿದ್ದ ವ್ಯಾನಿನ ಪೆಟ್ರೋಲ್ ಟ್ಯಾಂಕಿಗೆ ಅದು ತಗುಲಿ ಬೆಂಕಿ ಹತ್ತಿಕೊಂಡು ಒಂದೇ ಮನೆಯ ಆರು ಮಕ್ಕಳು ಸತ್ತರು. ಆ ಲಾರಿ ಚಾಲಕನಿಗೆ ಲೈಸೆನ್ಸ್ ಸಿಕ್ಕಿದ್ದು ಇಲಿನಾಯ್‌ನಲ್ಲಿ, ಲಂಚದಿಂದ. ಆಗ ಲೈಸೆನ್ಸ್ ಕೊಡುವ ಇಲಾಖೆಯ ಮೇಲಿದ್ದವರು ಜಾರ್ಜ್ ರಯಾನ್. ಕೌಂಟರಿನಲ್ಲಿ ಹೀಗೆ ಎತ್ತಿದ ದುಡ್ಡು ಅವರ ಚುನಾವಣಾ ನಿಧಿಗೆ ಹೋಗುತ್ತಿತ್ತು. ಆಮೇಲೂ ಜನ 1998ರಲ್ಲಿ ಅವರನ್ನೇ ಗವರ್ನರ್ ಮಾಡಿದರು. ಶಿಕ್ಷೆ ಆಗಿದ್ದು 2006ರಲ್ಲಿ.

ಹೊಸಮನೆ ಅವರೇ, ನಾಲ್ಕು ಗವರ್ನರ್ ಅಂದಿರಿ, ಲೆಕ್ಕ ಸರಿ. ಆದರೆ ಡ್ಯಾನ್ ವಾಕರ್ ಜೈಲಿಗೆ ಹೋಗಿದ್ದು ಅಧಿಕಾರ ಬಿಟ್ಟ ಮೇಲೆ ಮಾಡಿದ ಸಾಲದ ವಂಚನೆಗೆ. ಆಟೋ ಕರ್ನರ್, ರಯಾನ್, ಬ್ಲಗೋಯೆವಿಚ್ ಈ ಮೂವರದ್ದು ಕುರ್ಚಿಯನ್ನೇ ಮಾರಿಕೊಂಡ ಕೇಸು. ಈ ನಾಲ್ವರ ಜೊತೆ ಮ್ಯಾಡಿಗನ್, ಬರ್ಕ್ ಅವರನ್ನೂ ಸೇರಿಸಿ ನೋಡಿ. ಎಲ್ಲರನ್ನೂ ಹಿಡಿದಿದ್ದು ಫೆಡರಲ್ ಸರ್ಕಾರದ ವಕೀಲರು. ಇಲ್ಲಿನ ಮತದಾರ ಹಿಡಿಯಲಿಲ್ಲ, ಇಲ್ಲಿನ ಶಾಸಕಾಂಗವೂ ಹಿಡಿಯಲಿಲ್ಲ (ಬ್ಲಗೋಯೆವಿಚ್ ಅವರನ್ನು 2009ರಲ್ಲಿ ಪದವಿಯಿಂದ ಇಳಿಸಿದರು ನಿಜ, ಅದೂ ಎಫ್‌ಬಿಐ ಬಂಧಿಸಿದ ಮೇಲೆ). ಯಾರೋ ಹೊರಗಿನವರು ಬಂದು ಹಿಡಿಯುತ್ತಾರೆ ಅಂತ ಕಾಯುವುದು ಇಲ್ಲಿ ರೂಢಿಯಾಗಿ ಹೋಗಿದೆ. ನನಗೆ ಅತಿ ಹೆಚ್ಚು ಬೇಸರ ಇದರದ್ದೇ.

ಜನ "ಸಹಿಸಿಕೊಂಡಿದ್ದಾರೆ" ಅನ್ನುವುದಕ್ಕಿಂತ ಅವರ ಕೈಗೆ ಹಿಡಿಯಲು ಏನೂ ಸಿಗುತ್ತಿಲ್ಲ ಅನ್ನಬೇಕು. ಮ್ಯಾಡಿಗನ್ ವಿರುದ್ಧ ಮತ ಹಾಕಲು ಸಾಧ್ಯವಿದ್ದದ್ದು ಶಿಕಾಗೋದ ನೈರುತ್ಯ ಭಾಗದ ಅವರ ಒಂದು ಕ್ಷೇತ್ರದವರಿಗೆ ಮಾತ್ರ. ಉಳಿದ 117 ಕ್ಷೇತ್ರದವರು ಏನು ಮಾಡಬೇಕಿತ್ತು? ಕ್ಷೇತ್ರಗಳ ಗಡಿ ಎಳೆಯುವುದೂ ಶಾಸಕರೇ. ಅದನ್ನು ಸ್ವತಂತ್ರ ಆಯೋಗಕ್ಕೆ ಕೊಡಿ ಅಂತ ಜನ ಲಕ್ಷಗಟ್ಟಲೆ ಸಹಿ ಸಂಗ್ರಹಿಸಿ ಕೊಟ್ಟರು. 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ ಅದನ್ನು ಮತಪತ್ರದಿಂದಲೇ ತೆಗೆಯಿತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮ್ಯಾಡಿಗನ್, ಬರ್ಕ್ ಇಬ್ಬರದ್ದೂ ವಕೀಲಿ ಸಂಸ್ಥೆಗಳಿದ್ದವು. ಕೆಲಸ ಏನು ಗೊತ್ತಾ? ದೊಡ್ಡ ದೊಡ್ಡ ಕಟ್ಟಡಗಳ ಪ್ರಾಪರ್ಟಿ ಟ್ಯಾಕ್ಸ್ ಇಳಿಸಿಕೊಡುವುದು. ಶಾಲೆಗೆ ಬೇಕಾದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಒಂದು ಕಟ್ಟಡದ ಪಾಲು ಇಳಿದರೆ ಆ ಭಾರ ಪಕ್ಕದ ಮನೆಗಳ ಮೇಲೆ ಬೀಳುತ್ತದೆ. ತೆರಿಗೆ ಬೇರೆ, ಭ್ರಷ್ಟಾಚಾರ ಬೇರೆ ಅಂತ ನೋಡಬೇಡಿ. ಹಾಗಂತ ಜನ ಯಾವತ್ತೂ ಎದ್ದಿಲ್ಲ ಅಂತಲ್ಲ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಬಡವರ ಮನೆಗೆ ಜಾಸ್ತಿ ಬೆಲೆ ಕಟ್ಟಿ ಸಿರಿವಂತರ ಮನೆಗೆ ಕಡಿಮೆ ಕಟ್ಟುತ್ತಿದ್ದಾರೆ ಅಂತ 2017ರಲ್ಲಿ ಪತ್ರಿಕೆಯಲ್ಲಿ ಸರಣಿ ಬಂತು. ಮರುವರ್ಷ ಅಸೆಸರ್ (ತೆರಿಗೆಗಾಗಿ ಮನೆಗಳ ಬೆಲೆ ಕಟ್ಟುವ ಅಧಿಕಾರಿ) ಜೋಸೆಫ್ ಬೆರಿಯೋಸ್ ಅವರನ್ನು ಸ್ವಂತ ಪಕ್ಷದ ಮತದಾರರೇ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಸೋಲಿಸಿದರು. ಕಾಗದದಲ್ಲಿ ಲೆಕ್ಕ ಕಂಡರೆ ಜನ ಸುಮ್ಮನಿರುವುದಿಲ್ಲ.

ಬಳಪ:

ನಾನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ತೆರಿಗೆ ಮಾತು ಬಂದಾಗಲೆಲ್ಲ "ಟೀಚರ್‌ಗಳ ಪೆನ್ಷನ್‌ನಿಂದ ಹೀಗಾಯಿತು" ಅನ್ನುವವರು ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರತಿ ಸಂಬಳದಲ್ಲೂ ನನ್ನ ಪಾಲು 9% ಕಟ್ ಆಗುತ್ತದೆ, ಒಂದು ತಿಂಗಳೂ ತಪ್ಪಿಲ್ಲ. ತಪ್ಪಿಸಿದ್ದು ರಾಜ್ಯ. ಮೊದಲು ಎಷ್ಟೋ ವರ್ಷ ತನ್ನ ಪಾಲು ಸರಿಯಾಗಿ ಹಾಕಲಿಲ್ಲ. 1994ರಲ್ಲಿ ಒಂದು ಕಾನೂನು ಮಾಡಿ ಶುರುವಿನಲ್ಲಿ ಕಡಿಮೆ ಕಟ್ಟುತ್ತೇವೆ, ಆಮೇಲೆ ಏರಿಸುತ್ತೇವೆ, 2045ಕ್ಕೆ ಸರಿಹೋಗುತ್ತದೆ ಅಂದರು. ಆ "ಆಮೇಲೆ" ಅನ್ನುವುದು ಈಗ ಬಂದಿದೆ. ಬಾಕಿ 14,000 ಕೋಟಿ ಡಾಲರ್ ಆಸುಪಾಸು ಇದೆ. ನಮಗೆ ಇಲ್ಲಿ ಸೋಷಿಯಲ್ ಸೆಕ್ಯೂರಿಟಿ (ಫೆಡರಲ್ ಸರ್ಕಾರದ ಪಿಂಚಣಿ) ಇಲ್ಲ, ಇರುವುದು ಇದೊಂದೇ. 1970ರ ರಾಜ್ಯ ಸಂವಿಧಾನದಲ್ಲಿ ಪೆನ್ಷನ್ ಕಡಿಮೆ ಮಾಡುವ ಹಾಗಿಲ್ಲ ಅಂತ ಬರೆದಿದೆ. 2013ರಲ್ಲಿ ಕಡಿಮೆ ಮಾಡಲು ನೋಡಿದರು, 2015ರಲ್ಲಿ ಕೋರ್ಟು ಆಗುವುದಿಲ್ಲ ಅಂದಿತು.

ರಾಜ್ಯದ ದುಡ್ಡು ಹೀಗೆ ಹಳೇ ಬಾಕಿಗೆ ಹೋದಷ್ಟೂ ಶಾಲೆಯ ಖರ್ಚು ಊರವರ ಮನೆ ತೆರಿಗೆಯ ಮೇಲೆ ಬೀಳುತ್ತದೆ.

2020ರಲ್ಲಿ ಇನ್ನೊಂದು ನಡೆಯಿತು. ಇಲ್ಲಿ ಆದಾಯ ತೆರಿಗೆ ಎಲ್ಲರಿಗೂ ಒಂದೇ ದರ. ಸಂಬಳ ಜಾಸ್ತಿ ಇದ್ದವರಿಗೆ ಜಾಸ್ತಿ ದರ ಹಾಕಲು ಸಂವಿಧಾನ ತಿದ್ದೋಣ ಅಂತ ಜನರ ಮುಂದಿಟ್ಟರು. ಜನ ಬೇಡ ಅಂದರು. ನಮ್ಮ ಸ್ಟಾಫ್ ರೂಮಿನಲ್ಲೇ, ತೆರಿಗೆ ಕಡಿಮೆ ಆಗುವಂಥ ಸಂಬಳದವರೂ ಬೇಡ ಅಂತ ಮತ ಹಾಕಿದ್ದರು. ಯಾಕೆ ಅಂದರೆ, "ಇವತ್ತು ಅವರಿಗೆ ಏರಿಸುತ್ತಾರೆ, ನಾಳೆ ನಮಗೆ. ಇವರನ್ನು ನಂಬುವುದು ಹೇಗೆ?" ಹೊಸಮನೆ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ನಂಬಿಕೆ ಹೋದ ಕಡೆ ಜನ ಇರುವ ಕಷ್ಟವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದು ಗೊತ್ತಿರುವ ಕಷ್ಟ.

ಸರತಿ:

ನಾನು 12 ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದೇನೆ. ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲ, ಪೌರತ್ವ ಸಿಗುವವರೆಗೂ ಮತ ಹಾಕುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ನನ್ನಂಥ ಐದು ಮನೆ ಇದೆ. ಸಹಿಸಿಕೊಂಡಿದ್ದಾರೆ ಅಂತ ಲೆಕ್ಕ ಹಾಕುವಾಗ ನಮ್ಮನ್ನೂ ನೆನಪಿಡಿ. ಸಹಿಸದವರು ಬಿಟ್ಟು ಹೋಗುತ್ತಲೂ ಇದ್ದಾರೆ. 2020ರ ಜನಗಣತಿ ಆದ ಮೇಲೆ ರಾಜ್ಯಕ್ಕೆ ಸಂಸತ್ತಿನ ಒಂದು ಸೀಟು ಹೋಯಿತು, 18 ಇದ್ದದ್ದು 17 ಆಯಿತು.

ಮತ ಇಲ್ಲದಿದ್ದರೂ ಬೋರ್ಡ್ ಮೀಟಿಂಗಿಗೆ ಹೋಗಿ ಮಾತಾಡಬಹುದು, ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಹೋದ ವರ್ಷ ಹೋಗಿದ್ದೆ. ಮೂರು ನಿಮಿಷ ಕೊಟ್ಟರು, ನಾನು ಹೇಳಿದ್ದನ್ನು ಬರೆದುಕೊಂಡರು.

ಹೊಸಮನೆ ಅವರೇ, ಒಂದು ಕೇಳಲಾ? ಕಂತು ಒಮ್ಮೆಗೇ 240 ಏರಿದ್ದು ಯಾಕೋ ಜಾಸ್ತಿ ಅನ್ನಿಸುತ್ತಿದೆ. ಮನೆ ಮಾರಿದವರು ವಯಸ್ಸಾದವರಾ? ಇಲ್ಲಿ ಈ ವರ್ಷ ಕಟ್ಟುವುದು ಹೋದ ವರ್ಷದ ತೆರಿಗೆ. ಹಿರಿಯರ ರಿಯಾಯಿತಿ ಅವರ ಹೆಸರಿನಲ್ಲಿದ್ದರೆ ಮೊದಲ ಬಿಲ್ಲಿಗೆ ಅದೇ ಬಂದಿರುತ್ತದೆ, ಆಮೇಲೆ ತೆಗೆದುಬಿಡುತ್ತಾರೆ. ನಿಮ್ಮ ಹೆಸರಿಗೆ ಹೋಮ್‌ಓನರ್ ಎಕ್ಸೆಂಪ್ಶನ್ (ಸ್ವಂತ ಮನೆಯಲ್ಲೇ ಇರುವವರಿಗೆ ಸಿಗುವ ತೆರಿಗೆ ರಿಯಾಯಿತಿ) ಹಾಕಿಸಿದ್ದೀರಾ ನೋಡಿ.

ಹೊಸಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ನಾನೂ ನನ್ನ ಹೆಂಡತಿಯೂ ಬಿಲ್ಲು ಹರಡಿಕೊಂಡು ಕೂತೆವು. ನಮ್ಮದರಲ್ಲಿ 13 ಸಾಲು. ಹೈಸ್ಕೂಲ್ ಡಿಸ್ಟ್ರಿಕ್ಟ್ ಒಂದಕ್ಕೇ ಕೌಂಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೋಗುತ್ತದೆ ಅಂತ ಇವತ್ತೇ ಗೊತ್ತಾಯಿತು.

ಸರತಿ ಅವರೇ, ನೀವು ಹೇಳಿದ್ದು ಸರಿ. ಮಾರಿದವರಿಗೆ ಎಂಬತ್ತರ ಹತ್ತಿರ ವಯಸ್ಸು. ಎಕ್ಸೆಂಪ್ಶನ್ ಅನ್ನುವ ಜಾಗದಲ್ಲಿ ನಮ್ಮ ಬಿಲ್ಲಿನಲ್ಲಿ ಸೊನ್ನೆ ಇದೆ. ಮನೆ ಕೊಳ್ಳುವಾಗ ಯಾರೂ ನಮಗೆ ಇದನ್ನು ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಟೌನ್‌ಶಿಪ್ ಆಫೀಸಿಗೆ ಹೋಗುತ್ತೇನೆ. ಮುಂದಿನ ಶಾಲಾ ಬೋರ್ಡ್ ಮೀಟಿಂಗ್ ಯಾವತ್ತು ಅಂತಲೂ ಅಲ್ಲೇ ಕೇಳಿಕೊಂಡು ಬರುತ್ತೇನೆ.