ಸಹಾಯ ಬೇಕು: ಗಿರಿರಾಜ, ಕಡಕ್‌ನಾಥ್, ಊರ ಕೋಳಿ ಒಂದೇ ಗೂಡಿನಲ್ಲಿ

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಸಮೀಪ ನಮ್ಮ ಮನೆಯ ಹಿತ್ತಲಿನಲ್ಲಿ 6 ಊರ ಹೇಂಟೆಗಳು, 4 ಗಿರಿರಾಜ, 3 ಕಡಕ್‌ನಾಥ್ ಹಾಗೂ ಒಂದು ಹುಂಜ ಇವೆ. ಬೇಸಿಗೆಯಲ್ಲಿ ಇವು ತೆಂಗಿನ ತೋಟದಲ್ಲಿ ಚದುರಿ ಮೇಯುತ್ತಿದ್ದುದರಿಂದ ತೊಂದರೆ ಕಾಣಲಿಲ್ಲ. ಮಳೆ ಹಿಡಿದು, ದಿನವಿಡೀ ಗೂಡಿನಲ್ಲೇ ಇರಬೇಕಾಗಿ ಬಂದ ಮೇಲೆ ಸ್ವಭಾವಗಳ ಅಂತರ ಬಯಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯು ಊರ ಕೋಳಿಗಿಂತ ಎಷ್ಟೋ ತೂಕದ್ದಾದರೂ ಬಹಳ ಸಾಧು; ತನಗಿಂತ ಚಿಕ್ಕ ಹೇಂಟೆಯೊಂದು ಕುಕ್ಕಿದರೂ ತಿರುಗಿ ನಿಲ್ಲದೆ ಮೂಲೆ ಸೇರುತ್ತದೆ (ದೊಡ್ಡದೇ ಆಳುತ್ತದೆ ಎಂಬ ನನ್ನ ಎಣಿಕೆ ಸುಳ್ಳಾಯಿತು). ಕಡಕ್‌ನಾಥ್‌ಗಳು ಜಗಳಕ್ಕಿಳಿಯುವುದಿಲ್ಲ, ಆದರೆ ಸಣ್ಣ ಸದ್ದಿಗೂ ಬೆಚ್ಚಿ ಹಾರಿ ಉಳಿದವನ್ನೂ ಗಾಬರಿಗೊಳಿಸುತ್ತವೆ.

ಒಂದು ಗಿರಿರಾಜದ ಬಾಲದ ಬುಡದಲ್ಲಿ ಗಾಯವಾಗಿದ್ದು, ರಕ್ತ ಕಂಡರೆ ಮಿಕ್ಕವೂ ಕುಕ್ಕುವುದರಿಂದ, ಅದನ್ನು ಪ್ರತ್ಯೇಕ ಪಂಜರದಲ್ಲಿಟ್ಟು ಅರಸಿನ ಹಚ್ಚುತ್ತಿದ್ದೇನೆ. ಆಹಾರಕ್ಕೆ ಎರಡು ತಟ್ಟೆ ಇಟ್ಟು ನೋಡಿದೆ. ಗಿರಿರಾಜಗಳನ್ನು ಕುಕ್ಕುವ ಆ ಪುಂಡ ಹೇಂಟೆ ಎರಡನ್ನೂ ಕಾಯುತ್ತದೆ!

ಗಾಯ ಮಾಗಿದ ಬಳಿಕ ಗಿರಿರಾಜವನ್ನು ಗುಂಪಿಗೆ ಮರಳಿ ಸೇರಿಸುವುದು ಹೇಗೆ? ಅದರ ಬದಲು ಪುಂಡ ಹೇಂಟೆಯನ್ನೇ ಕೆಲವು ದಿನ ಹೊರಗಿಟ್ಟರೆ ಅದರ ದರ್ಪ ಇಳಿದೀತೇ? ಮಿಶ್ರ ತಳಿಗಳನ್ನು ಸಾಕಿ ಅನುಭವವಿರುವವರು, ವಿಶೇಷವಾಗಿ ನಮ್ಮ ಕರಾವಳಿಯ ಮಳೆಗಾಲ ಕಂಡವರು, ದಯವಿಟ್ಟು ತಿಳಿಸಬೇಕು.